ಖಾತೆ ಪುಸ್ತಕವೊಂದೇ ಸಾಲದು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಭಾಗದ ವ್ಯಾಪಾರವು ಬಹುಮಟ್ಟಿಗೆ ಉದ್ರಿಯ ಮೇಲೆ ನಡೆಯುತ್ತದೆ. ಐನಾಪುರದಂತಹ ಊರಿನ ಬೀಜ-ಗೊಬ್ಬರದ ಅಂಗಡಿಯವರು ಮುಂಗಾರಿನಲ್ಲಿ ಕೊಟ್ಟ ಮಾಲಿನ ಹಣವನ್ನು ತೊಗರಿಯ ರಾಶಿಯಾದ ಮೇಲೆ ಕಾಣುತ್ತಾರೆ. ಶಹಾಬಾದದ ಕಲ್ಲು ಪಾಲಿಷ್ ಘಟಕದವರು ಲಾರಿ ತುಂಬಿಸಿ ಕಳುಹಿಸಿದ ಫರ್ಶಿಯ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಾರೆ. ದಾಲ್ ಮಿಲ್ಲಿನವರು, ಅಡತಿ ಅಂಗಡಿಯವರು, ಸಿಮೆಂಟ್ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವವರು, ಲಾರಿ ಮಾಲೀಕರು ಮುಂತಾದವರ ರೀತಿಯೂ ಇದಕ್ಕಿಂತ ಭಿನ್ನವಲ್ಲ. ಬಹುತೇಕ ಸಂದರ್ಭಗಳಲ್ಲಿ ಹಣ ತಡವಾಗಿಯಾದರೂ ಬರುತ್ತದೆ. ಬಾರದಿದ್ದಾಗ ವ್ಯಾಪಾರಿಯು ತನ್ನ ಖಾತೆ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ವಕೀಲರ ಮನೆಗೆ ಹೋಗುತ್ತಾನೆ. "ಎಲ್ಲ ಇದರಲ್ಲಿ ಬರೆದಿದೆ, ಇನ್ನೇನು ಬೇಕು?" ಎಂಬುದು ಅವನ ಪ್ರಶ್ನೆ.

ಇನ್ನೂ ಬಹಳ ಬೇಕು ಎಂಬುದೇ ಕಾನೂನಿನ ಉತ್ತರ. ಈ ಉತ್ತರವು ಮೊಕದ್ದಮೆ ಹೂಡಿದ ಮೇಲೆ ತಿಳಿದರೆ ಪ್ರಯೋಜನವಿಲ್ಲ. ಏಕೆಂದರೆ ಸಾಕ್ಷ್ಯವೆಂಬುದು ಮಾಲು ಅಂಗಡಿಯಿಂದ ಹೊರಟ ದಿನವೇ ಸಿದ್ಧವಾಗಬೇಕಾದದ್ದು. ಅಂದು ತೆಗೆದುಕೊಳ್ಳದ ಸಹಿಯನ್ನು ಮೂರು ವರ್ಷಗಳ ನಂತರ ಯಾವ ವಕೀಲರೂ ತಂದುಕೊಡಲಾರರು. ಸಾಕ್ಷ್ಯದ ನಿಯಮಗಳನ್ನು ವಕೀಲರ ವಿಷಯವೆಂದು ಬದಿಗಿಡದೆ, ತೂಕ ಮತ್ತು ಅಳತೆಯ ನಿಯಮಗಳಂತೆಯೇ ದಿನನಿತ್ಯದ ವ್ಯಾಪಾರದ ಭಾಗವೆಂದು ತಿಳಿಯುವುದು ಅಗತ್ಯವಾಗಿದೆ.

ನ್ಯಾಯಾಲಯದ ಮೂರು ಪ್ರಶ್ನೆಗಳು

ಯಾವುದೇ ಸಂಗತಿ ಅಥವಾ ದಾಖಲೆಯು ಮುಂದೆ ಬಂದಾಗ ನ್ಯಾಯಾಲಯವು ಮೂರು ಪ್ರಶ್ನೆಗಳನ್ನು ಕೇಳುತ್ತದೆ. ವಿವಾದಕ್ಕೂ ಇದಕ್ಕೂ ಕಾನೂನು ಒಪ್ಪುವ ಸಂಬಂಧವಿದೆಯೇ ಎಂಬುದು ಮೊದಲನೆಯದು. ಇದನ್ನು ಸುಸಂಗತತೆ ಎನ್ನುತ್ತಾರೆ. ಸಂಬಂಧವಿದ್ದರೂ ಅದನ್ನು ತಂದಿರುವ ರೂಪದಲ್ಲಿ ದಾಖಲೆಗೆ ಸೇರಿಸಿಕೊಳ್ಳಬಹುದೇ ಎಂಬುದು ಎರಡನೆಯದು, ಇದು ಅಂಗೀಕಾರಾರ್ಹತೆ. ಸೇರಿಸಿಕೊಂಡ ಮೇಲೆ ಅದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದು ಮೂರನೆಯದು.

ಫರ್ಶಿ ಕಳುಹಿಸಿದ ಘಟಕವೊಂದು ಹೈದರಾಬಾದಿನ ಕಟ್ಟಡ ಗುತ್ತಿಗೆದಾರರೊಬ್ಬರ ಮೇಲೆ ದಾವೆ ಹೂಡಿದೆ ಎಂದು ಭಾವಿಸಬಹುದು. ಆ ಗುತ್ತಿಗೆದಾರರು ಬೇರೆ ನಾಲ್ಕು ಜನರ ಹಣವನ್ನೂ ಮುಳುಗಿಸಿದ್ದಾರೆ ಎಂಬ ಮಾತು ಮಾರುಕಟ್ಟೆಯಲ್ಲಿ ಎಷ್ಟೇ ಪ್ರಚಲಿತವಿದ್ದರೂ ಸಾಮಾನ್ಯವಾಗಿ ಅದು ಈ ದಾವೆಗೆ ಸುಸಂಗತವಲ್ಲ. ಲಾರಿಯ ತೂಕದ ಚೀಟಿಯು ಸುಸಂಗತವಾದದ್ದು. ಆದರೆ ಅದರ ಝೆರಾಕ್ಸ್ ಪ್ರತಿಯನ್ನಷ್ಟೇ ತಂದು, ಮೂಲ ಪ್ರತಿ ಎಲ್ಲಿ ಹೋಯಿತೆಂದು ಹೇಳದಿದ್ದರೆ ಅದನ್ನು ಅಂಗೀಕರಿಸಲು ಅಡ್ಡಿಯುಂಟು. ಘಟಕದ ಖಾತೆ ಪುಸ್ತಕವು ಸುಸಂಗತವೂ ಹೌದು, ಅಂಗೀಕಾರಾರ್ಹವೂ ಹೌದು. ಆದರೆ ಅದೊಂದರ ತೂಕದಿಂದ ತಕ್ಕಡಿ ಬಾಗುವುದಿಲ್ಲ. ವ್ಯಾಪಾರಿಗಳು ಈ ಮೂರನ್ನೂ ಒಂದೇ ಎಂದು ಭಾವಿಸುವುದರಿಂದಲೇ ಹೆಚ್ಚಿನ ನಿರಾಸೆಗಳು ಉಂಟಾಗುತ್ತವೆ.

ಈ ನಿಯಮಗಳಿಗೆ ಮೂಲವಾದದ್ದು 1872ರ ಭಾರತೀಯ ಸಾಕ್ಷ್ಯ ಕಾಯಿದೆ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ತಾಲ್ಲೂಕುಗಳಿಗೆ ಆ ಕಾಯಿದೆಯು 1951ರಲ್ಲಿ, 'ಬಿ' ವರ್ಗದ ರಾಜ್ಯಗಳ ಕಾನೂನುಗಳ ಅಧಿನಿಯಮದ ಮೂಲಕ ವಿಸ್ತರಿಸಲ್ಪಟ್ಟಿತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಗೆ ಬಂದಿದೆ. ಅಂದಿಗೆ ಬಾಕಿಯಿದ್ದ ಮೊಕದ್ದಮೆಗಳು ಹಳೆಯ ಕಾಯಿದೆಯಂತೆ ಮುಂದುವರಿಯುತ್ತವೆ. ಆನಂತರ ಹೂಡಿದವುಗಳಿಗೆ ಹೊಸದು ಅನ್ವಯಿಸುತ್ತದೆ. ಕಲಮುಗಳ ಸಂಖ್ಯೆ ಬದಲಾಗಿದ್ದರೂ ವ್ಯಾಪಾರಿಗೆ ಸಂಬಂಧಿಸಿದ ಮುಖ್ಯ ತತ್ವಗಳು ಹೆಚ್ಚಾಗಿ ಹಾಗೆಯೇ ಉಳಿದಿವೆ. ದೊಡ್ಡ ಬದಲಾವಣೆ ಆಗಿರುವುದು ವಿದ್ಯುನ್ಮಾನ ದಾಖಲೆಗಳ ವಿಷಯದಲ್ಲಿ. ಅದನ್ನು ಮುಂದೆ ನೋಡಬಹುದು.

ಖಾತೆ ಪುಸ್ತಕದ ಮಿತಿ

ಹಳೆಯ ಕಾಯಿದೆಯ 34ನೇ ಕಲಂ, ಹೊಸ ಅಧಿನಿಯಮದ 28ನೇ ಕಲಂ ಆಗಿದೆ. ವ್ಯಾಪಾರದ ಕ್ರಮದಲ್ಲಿ ನಿಯತವಾಗಿ ಬರೆದಿಟ್ಟ ಲೆಕ್ಕದ ಪುಸ್ತಕಗಳ ನಮೂದುಗಳು ಸುಸಂಗತ. ಆದರೆ ಅವುಗಳಷ್ಟರಿಂದಲೇ ಯಾರ ಮೇಲೂ ಹೊಣೆ ಹೊರಿಸುವಂತಿಲ್ಲ ಎಂಬುದು ಅದರ ಸಾರಾಂಶ. ಕಂಪ್ಯೂಟರಿನಲ್ಲಿಟ್ಟ ಲೆಕ್ಕಕ್ಕೂ ಇದೇ ನಿಯಮ. ಕಾಯಿದೆಯೇ ಕೊಟ್ಟಿರುವ ಉದಾಹರಣೆ ಸರಳವಾಗಿದೆ: 'ಎ' ಎಂಬಾತ 'ಬಿ'ಯ ಮೇಲೆ 1,000 ರೂಪಾಯಿಗೆ ದಾವೆ ಹೂಡಿ, ಅಷ್ಟು ಬಾಕಿಯಿದೆಯೆಂದು ತನ್ನ ಪುಸ್ತಕದ ನಮೂದುಗಳನ್ನು ತೋರಿಸಿದರೆ ಅವು ಸುಸಂಗತ, ಬೇರೆ ಸಾಕ್ಷ್ಯವಿಲ್ಲದೆ ಸಾಲ ರುಜುವಾಗಲು ಮಾತ್ರ ಅವು ಸಾಲವು.

ಕಾರಣವೂ ಸ್ಪಷ್ಟ. ತನ್ನ ಪುಸ್ತಕದಲ್ಲಿ ತಾನೇ ಬರೆದುಕೊಂಡದ್ದರಿಂದ ಮತ್ತೊಬ್ಬನು ಸಾಲಗಾರನಾಗುವುದಾದರೆ ಯಾರೂ ಸುರಕ್ಷಿತರಲ್ಲ. ಗೌಹಾಟಿ ಬ್ಯಾಂಕಿನ ಮೊಕದ್ದಮೆಯಲ್ಲಿ (ಎಐಆರ್ 1967 ಸುಪ್ರೀಂ ಕೋರ್ಟ್ 1058) ಸರ್ವೋಚ್ಚ ನ್ಯಾಯಾಲಯವು ಬ್ಯಾಂಕಿನ ಲೆಕ್ಕಕ್ಕೂ ಇದೇ ನಿಯಮವನ್ನು ಅನ್ವಯಿಸಿತು. ಎದುರು ಪಕ್ಷದವರು ಒಪ್ಪದಿದ್ದಾಗ, ನಮೂದನ್ನು ಸಮರ್ಥಿಸುವ ಸ್ವತಂತ್ರ ಸಾಕ್ಷ್ಯವನ್ನು ಬ್ಯಾಂಕೂ ಒದಗಿಸಲೇಬೇಕೆಂದು ಹೇಳಿತು. ಬ್ಯಾಂಕಿಗೇ ಇಲ್ಲದ ವಿನಾಯಿತಿ ಕಿರಾಣಿ ಅಂಗಡಿಗೆ ದೊರೆಯುವುದು ಸಾಧ್ಯವಿಲ್ಲ.

ಹಾಗಿದ್ದರೆ ಯಾವುದು 'ಪುಸ್ತಕ'? ಜೈನ್ ಡೈರಿಗಳೆಂದು ದೇಶದಾದ್ಯಂತ ಪ್ರಸಿದ್ಧವಾದ ಮೊಕದ್ದಮೆಯಲ್ಲಿ 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ವಿವರವಾಗಿ ಚರ್ಚಿಸಿತು. ಒಟ್ಟಿಗೆ ಬಂಧಿಸಲ್ಪಟ್ಟ ಹಾಳೆಗಳ ಸಮೂಹವೇ ಪುಸ್ತಕ. ಸುರುಳಿ ತಂತಿಯ ನೋಟುಬುಕ್ಕುಗಳು ಪುಸ್ತಕಗಳಾಗಬಲ್ಲವು, ಫೈಲಿನಲ್ಲಿ ಸಿಕ್ಕಿಸಿದ ಬಿಡಿ ಹಾಳೆಗಳು ಆಗಲಾರವು ಎಂದು ಅಭಿಪ್ರಾಯಪಟ್ಟಿತು. ಪುಸ್ತಕವೆಂದು ಒಪ್ಪಿದ ನಂತರವೂ, ನಮೂದಿಗೆ ಬೆಂಬಲವಾಗಿ ಸ್ವತಂತ್ರ ಸಾಕ್ಷ್ಯ ಬೇಕೆಂದು ಪುನರುಚ್ಚರಿಸಿತು. ಗಲ್ಲಾ ಪೆಟ್ಟಿಗೆಯಲ್ಲಿ ಚೀಟಿಗಳ ಕಟ್ಟನ್ನು ಇಟ್ಟುಕೊಂಡು ಅದನ್ನೇ ಲೆಕ್ಕವೆನ್ನುವವರು ಇದನ್ನು ಗಮನಿಸತಕ್ಕದ್ದು.

ಖಾತೆ ಪುಸ್ತಕಕ್ಕೆ ಬೆಲೆಯೇ ಇಲ್ಲವೆಂದು ಇದರ ಅರ್ಥವಲ್ಲ. ರೋಜ್‌ಕಿರ್ದಿಯಲ್ಲಿ ಅಂದಂದೇ ಬರೆದ ನಮೂದು, ಅದರಿಂದ ಖಾತೆಗೆ ಏರಿದ ಬಾಬು, ಅದಕ್ಕೆ ಹೊಂದುವ ಬಿಲ್ಲು, ಬಿಲ್ಲಿಗೆ ಹೊಂದುವ ಬಿಲ್ಟಿ, ಬಿಲ್ಟಿಯ ಮೇಲೆ ಮಾಲು ಪಡೆದವರ ಸಹಿ ಹೀಗೆ ಒಂದರ ಹಿಂದೆ ಒಂದು ನಿಂತಾಗ ಪುಸ್ತಕಕ್ಕೆ ಬಲ ಬರುತ್ತದೆ. ಲೆಕ್ಕ ಬರೆದ ಗುಮಾಸ್ತರು ಸಾಕ್ಷಿ ಹೇಳಬೇಕಾಗುತ್ತದೆ. ಅವರು ತೀರಿಕೊಂಡಿದ್ದರೆ, ಕೆಲಸದ ಸಹಜ ಕ್ರಮದಲ್ಲಿ ಅವರು ಬರೆದದ್ದನ್ನು ಪರಿಗಣಿಸಲು ಅಧಿನಿಯಮದ 26ನೇ ಕಲಂ ಅವಕಾಶ ಕೊಟ್ಟಿದೆ. ಆದರೆ ಅದು ಅವರ ಕೈಬರಹವೆಂದು ಗುರುತಿಸುವವರಾದರೂ ಇರಬೇಕು. ಯಾರು ಯಾವ ದಿನ ಲೆಕ್ಕ ಬರೆದರೆಂಬುದೇ ತಿಳಿಯದ ಅಂಗಡಿಯಲ್ಲಿ ಈ ಅವಕಾಶವೂ ಕೈತಪ್ಪುತ್ತದೆ.

ಪಕ್ಕಾ ಮತ್ತು ಕಚ್ಚಾ

ಈ ವಿಷಯದಲ್ಲಿ ಬಹಿರಂಗವಾಗಿ ಹೇಳಲು ಎಲ್ಲರೂ ಹಿಂಜರಿಯುವ ಮಾತೊಂದಿದೆ. ಪಕ್ಕಾ ಬಿಲ್ಲಿನ ಜೊತೆಗೆ ಕಚ್ಚಾ ಚೀಟಿಯ ವ್ಯವಹಾರವನ್ನು ನಡೆಸುವ ಅಭ್ಯಾಸವು ತೆರಿಗೆಯ ದೃಷ್ಟಿಯಿಂದ ತಪ್ಪು ಎಂಬುದು ಎಲ್ಲರಿಗೂ ತಿಳಿದದ್ದೇ. ಅದು ವ್ಯಾಪಾರಿಯ ಸ್ವಂತ ಹಕ್ಕನ್ನೇ ಕಡಿದುಹಾಕುತ್ತದೆ ಎಂಬುದನ್ನು ಮಾತ್ರ ಅನೇಕರು ಯೋಚಿಸಿಲ್ಲ. 5 ಲಕ್ಷ ರೂಪಾಯಿಯ ಮಾಲಿಗೆ 2 ಲಕ್ಷದ ಬಿಲ್ಲು ಬರೆದು ಉಳಿದದ್ದನ್ನು ಚೀಟಿಯ ಮೇಲೆ ಇಟ್ಟವನು, ಗಿರಾಕಿ ಕೈಯೆತ್ತಿದಾಗ 3 ಲಕ್ಷಕ್ಕೆ ಯಾವ ಪುಸ್ತಕವನ್ನು ತೋರಿಸುವನು? ಪಕ್ಕಾ ಪುಸ್ತಕವನ್ನು ತೋರಿಸಿದರೆ ಬಾಕಿ ಇಲ್ಲ. ಚೀಟಿಯನ್ನು ತೋರಿಸಿದರೆ ಪಕ್ಕಾ ಪುಸ್ತಕವೇ ಸುಳ್ಳೆಂದು ತಾನಾಗಿಯೇ ಒಪ್ಪಿದಂತಾಯಿತು. ಒಂದು ಪುಟ ಸುಳ್ಳೆಂದಾದ ಮೇಲೆ ಅದೇ ಪುಸ್ತಕದ ನಿಜವಾದ ಪುಟಗಳನ್ನೂ ನ್ಯಾಯಾಧೀಶರು ಅನುಮಾನದಿಂದಲೇ ನೋಡುತ್ತಾರೆ.

ನಗದಿನ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚಿದೆ. ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಮೀರಿದ ನಗದನ್ನು ಪಡೆಯಬಾರದೆಂಬ ನಿಯಮವು ಆದಾಯ ತೆರಿಗೆ ಕಾನೂನಿನಲ್ಲಿ 2017ರಿಂದ ಇದೆ. ಪಡೆದವನಿಗೆ ಅಷ್ಟೇ ಮೊತ್ತದ ದಂಡವಿದೆ. ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಗೆ ಸಂಬಂಧಿಸಿದ ಆಸ್ತಿಯ ಮೊಕದ್ದಮೆಯಲ್ಲಿ 75 ಲಕ್ಷ ರೂಪಾಯಿಯನ್ನು ನಗದಾಗಿ ಮುಂಗಡ ಕೊಟ್ಟಿದ್ದೇವೆಂಬ ವಾದ ಬಂದಾಗ, 2025ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಮಹತ್ವದ ನಿರ್ದೇಶನ ನೀಡಿತು. 2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ನಗದು ಪಾವತಿಯಾಗಿದೆಯೆಂದು ದಾವೆಯಲ್ಲಿ ಹೇಳಿಕೊಂಡಾಗಲೆಲ್ಲ ನ್ಯಾಯಾಲಯವು ಆ ವಿಷಯವನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂಬುದೇ ಆ ನಿರ್ದೇಶನ. ಹೀಗಾಗಿ ನಗದು ವ್ಯವಹಾರದ ಆಧಾರದ ಮೇಲೆ ದಾವೆ ಹೂಡುವವರು ಮೊದಲು ತಮ್ಮ ರಿಟರ್ನನ್ನು ತೆರೆದು ನೋಡಿಕೊಳ್ಳುವುದು ಲೇಸು.

ಚೆಕ್ಕಿಗೆ ಇರುವ ಬಲ, ಅದರ ಎಲ್ಲೆ

ಖಾತೆ ಪುಸ್ತಕಕ್ಕೆ ಇಲ್ಲದ ಬಲವನ್ನು ಕಾನೂನು ಚೆಕ್ಕಿಗೆ ಕೊಟ್ಟಿದೆ. ಪರಕ್ರಾಮ್ಯ ಪತ್ರಗಳ ಕಾಯಿದೆಯ 139ನೇ ಕಲಮಿನಂತೆ, ಸಹಿ ಮಾಡಿದ ಚೆಕ್ಕು ಹೊಣೆಯೊಂದನ್ನು ತೀರಿಸಲು ಕೊಟ್ಟದ್ದೆಂದೇ ನ್ಯಾಯಾಲಯವು ಭಾವಿಸತಕ್ಕದ್ದು. ಹಾಗಲ್ಲವೆಂದು ತೋರಿಸುವ ಭಾರ ಚೆಕ್ಕು ಕೊಟ್ಟವನ ಮೇಲಿದೆ. ಈ ತತ್ವವನ್ನು ಗಟ್ಟಿಗೊಳಿಸಿದ ತೀರ್ಪು ಕರ್ನಾಟಕದ್ದೇ. ರಾಣೆಬೆನ್ನೂರಿನಲ್ಲಿ ಮನೆ ಕಟ್ಟಿಸುವಾಗ ಬೆಳೆದ ಪರಿಚಯದಲ್ಲಿ 45,000 ರೂಪಾಯಿಯ ಕೈಗಡ, ಅದಕ್ಕೆ ಚೆಕ್ಕು, ಚೆಕ್ಕಿಗೆ ಪಾವತಿ ತಡೆ, ಕಳೆದುಹೋದ ಚೆಕ್ಕೆಂಬ ವಾದ ಇವು ಆ ಪ್ರಕರಣದ ಸಂಗತಿಗಳು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು, ಕಾನೂನುಬದ್ಧ ಸಾಲವಿತ್ತೆಂಬುದೂ ಈ ಪೂರ್ವಭಾವನೆಯಲ್ಲಿ ಸೇರಿದೆಯೆಂದು ತೀರ್ಮಾನಿಸಿತು. 'ರಂಗಪ್ಪ ತೀರ್ಪು' ಎಂದು ವಕೀಲರು ದಿನವೂ ಉಲ್ಲೇಖಿಸುವುದು ಇದನ್ನೇ.

ಆದರೆ ಒಂಬತ್ತು ವರ್ಷಗಳ ನಂತರ, 2019ರಲ್ಲಿ, ಕರ್ನಾಟಕದಿಂದಲೇ ಹೋದ ಬಸಲಿಂಗಪ್ಪ ಪ್ರಕರಣದಲ್ಲಿ ಅದೇ ನ್ಯಾಯಾಲಯವು ನಾಣ್ಯದ ಇನ್ನೊಂದು ಮುಖವನ್ನು ತೋರಿಸಿತು. ಅಲ್ಲಿ 6 ಲಕ್ಷ ರೂಪಾಯಿ ಸಾಲ ಕೊಟ್ಟೆನೆಂದು ಹೇಳಿದವರಿಗೆ ಅಷ್ಟು ಹಣ ಕೊಡುವ ಶಕ್ತಿ ಆ ಕಾಲದಲ್ಲಿ ಇತ್ತೇ ಎಂಬ ಪ್ರಶ್ನೆ ಪಾಟೀ ಸವಾಲಿನಲ್ಲಿ ಎದ್ದಿತು. ತೃಪ್ತಿಕರವಾದ ಉತ್ತರ ಬರಲಿಲ್ಲ. ಸಾಲದ ಬಗ್ಗೆ ಸಂಭವನೀಯವಾದ ಸಂದೇಹ ಮೂಡಿಸಿದರೆ ಆರೋಪಿಗೆ ಸಾಕು, ಅದಕ್ಕಾಗಿ ಅವನೇ ಸಾಕ್ಷಿ ಕಟ್ಟೆ ಹತ್ತಬೇಕಾಗಿಲ್ಲ ಎಂದು ಹೇಳಿ ನ್ಯಾಯಾಲಯವು ಅವನ ಬಿಡುಗಡೆಯ ಆದೇಶವನ್ನು ಮರಳಿ ಸ್ಥಾಪಿಸಿತು.

ಎರಡು ತೀರ್ಪುಗಳನ್ನೂ ಒಟ್ಟಿಗೆ ಓದಿದರೆ ವ್ಯಾಪಾರಿಗೆ ಸಿಗುವ ಪಾಠ ಇಷ್ಟು: ಚೆಕ್ಕು ಬಾಗಿಲು ತೆರೆಯುತ್ತದೆ, ಒಳಗೆ ನಿಲ್ಲಲು ಲೆಕ್ಕವೇ ಬೇಕು. ಹಣವು ಎಲ್ಲಿಂದ ಬಂತು, ಯಾವ ದಿನ ಹೋಯಿತು, ಬ್ಯಾಂಕಿನ ಮೂಲಕ ಹೋಯಿತೇ, ರಿಟರ್ನಿನಲ್ಲಿ ಕಾಣುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರವಿರುವವನ ಚೆಕ್ಕಿಗೆ ಪೂರ್ಣ ಬಲವಿದೆ. ಬೀಜಕದ ಸಂಖ್ಯೆ, ಬಾಕಿಯ ವಿವರವಿಲ್ಲದೆ ಖಾಲಿ ಚೆಕ್ಕುಗಳನ್ನು 'ಭದ್ರತೆಗೆಂದು' ಪಡೆದು ಕಪಾಟಿನಲ್ಲಿಟ್ಟರೆ ಅದೇ ಮುಂದೆ ಎದುರುವಾದಿಯ ವಾದವಾಗುತ್ತದೆ.

ಒಂದು ರೂಪಾಯಿಯ ಸ್ಟ್ಯಾಂಪು

ಅಂಗೀಕಾರಾರ್ಹತೆಯ ವಿಷಯದಲ್ಲಿ ಅತ್ಯಂತ ಸಣ್ಣದೂ ಅತ್ಯಂತ ದುಬಾರಿಯೂ ಆದ ಲೋಪ ಸ್ಟ್ಯಾಂಪಿನದು. ಸರಿಯಾದ ಮುದ್ರಾಂಕ ಶುಲ್ಕ ಕೊಡದ ದಸ್ತಾವೇಜನ್ನು ಸಾಕ್ಷ್ಯವಾಗಿ ಸ್ವೀಕರಿಸುವಂತಿಲ್ಲ. ಕರಾರುಪತ್ರದಂತಹ ಹೆಚ್ಚಿನ ದಸ್ತಾವೇಜುಗಳಿಗೆ ಕೊರತೆಯ ಶುಲ್ಕವನ್ನೂ ಅದರ ಹತ್ತು ಪಟ್ಟಿನವರೆಗಿನ ದಂಡವನ್ನೂ ಕಟ್ಟಿ ಲೋಪವನ್ನು ಸರಿಪಡಿಸಿಕೊಳ್ಳಲು ದಾರಿಯಿದೆ. ಪ್ರಾಮಿಸರಿ ನೋಟಿಗೆ ಈ ದಾರಿ ಇಲ್ಲ. ಸ್ಟ್ಯಾಂಪಿಲ್ಲದ, ಅಥವಾ ಹಚ್ಚಿದ ಸ್ಟ್ಯಾಂಪಿನ ಮೇಲೆ ಗೆರೆ ಎಳೆದು ಇಲ್ಲವೇ ಸಹಿ ಮಾಡಿ ಅದನ್ನು ರದ್ದುಪಡಿಸದ ನೋಟನ್ನು ದಂಡ ಕಟ್ಟಿದರೂ ಸ್ವೀಕರಿಸಲಾಗದು. ಲಕ್ಷಾಂತರ ರೂಪಾಯಿಯ ಹಕ್ಕು ಒಂದು ರೆವೆನ್ಯೂ ಸ್ಟ್ಯಾಂಪಿನ ಕೊರತೆಯಿಂದ ಹಾಳಾಗುವುದಿದೆ. 5,000 ರೂಪಾಯಿ ಮೀರಿದ ರಸೀದಿಗೂ ಒಂದು ರೂಪಾಯಿಯ ಸ್ಟ್ಯಾಂಪು ಬೇಕೆಂಬುದನ್ನು ಇದರೊಡನೆಯೇ ನೆನಪಿಡತಕ್ಕದ್ದು.

ಕಂಪ್ಯೂಟರು, ಮೊಬೈಲು ಮತ್ತು ಹೊಸ ಪ್ರಮಾಣಪತ್ರ

ಇಂದು ಆರ್ಡರು ಬರುವುದು ವಾಟ್ಸ್‌ಆ್ಯಪಿನಲ್ಲಿ, ದರ ನಿಶ್ಚಯವಾಗುವುದು ಫೋನಿನಲ್ಲಿ, ಲೆಕ್ಕ ಇರುವುದು ಕಂಪ್ಯೂಟರಿನಲ್ಲಿ. ವಿದ್ಯುನ್ಮಾನ ದಾಖಲೆಯೆಂಬ ಕಾರಣಕ್ಕೇ ಯಾವುದನ್ನೂ ತಿರಸ್ಕರಿಸಬಾರದೆಂದು ಹೊಸ ಅಧಿನಿಯಮದ 61ನೇ ಕಲಂ ಹೇಳಿದೆ. ಆದರೆ ಅದರ ಪ್ರತಿಯನ್ನು ಹಾಜರುಪಡಿಸುವಾಗ 63ನೇ ಕಲಮಿನ ಪ್ರಮಾಣಪತ್ರ ಬೇಕು. ಹಳೆಯ ಕಾಯಿದೆಯ 65ಬಿ ಕಲಮಿನಡಿ ಈ ಪ್ರಮಾಣಪತ್ರವು ಕಡ್ಡಾಯವೆಂದು 2014ರಲ್ಲಿ ಕೇರಳದ ಚುನಾವಣಾ ವ್ಯಾಜ್ಯವೊಂದರಲ್ಲಿಯೂ, 2020ರಲ್ಲಿ ಮಹಾರಾಷ್ಟ್ರದ ಜಾಲ್ನಾದ ಚುನಾವಣಾ ವ್ಯಾಜ್ಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಮೂಲ ಉಪಕರಣವನ್ನೇ, ಅಂದರೆ ಫೋನನ್ನೇ, ಅದರ ಒಡೆಯನು ಸಾಕ್ಷಿ ಕಟ್ಟೆಗೆ ತಂದು ತೋರಿಸಿದರೆ ಪ್ರಮಾಣಪತ್ರ ಬೇಡವೆಂದೂ ಎರಡನೆಯ ತೀರ್ಪು ಹೇಳಿತು. 2008ರ ಬೆಂಗಳೂರು ಸರಣಿ ಸ್ಫೋಟದ ಪ್ರಕರಣದಲ್ಲಿ, ವಿಚಾರಣೆ ಮುಗಿಯುವ ಮೊದಲು ಪ್ರಮಾಣಪತ್ರವನ್ನು ತಡವಾಗಿಯೂ ಸಲ್ಲಿಸಬಹುದೆಂದು 2023ರಲ್ಲಿ ಒಪ್ಪಿತು.

ಹೊಸ ಅಧಿನಿಯಮವು ಇದಕ್ಕೆ ಎರಡು ಭಾಗಗಳ ನಮೂನೆಯನ್ನು ಅನುಸೂಚಿಯಲ್ಲಿ ಕೊಟ್ಟಿದೆ. 'ಎ' ಭಾಗಕ್ಕೆ ದಾಖಲೆ ಹಾಜರುಪಡಿಸುವವರು ಸಹಿ ಮಾಡಬೇಕು. 'ಬಿ' ಭಾಗಕ್ಕೆ ಒಬ್ಬ ಪರಿಣತರು ಸಹಿ ಮಾಡಬೇಕು. ಫೈಲು ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಬೇರೆಯಾಗುವ ಸಂಖ್ಯೆಯೇ ಹ್ಯಾಶ್. ಅದು ಫೈಲಿನ ಬೆರಳಚ್ಚು ಇದ್ದಂತೆ.

ತಿದ್ದಿದ ಸಂದೇಶಗಳು, ಕೃತಕವಾಗಿ ಸೃಷ್ಟಿಸಿದ ಧ್ವನಿಗಳು ಹೆಚ್ಚುತ್ತಿರುವ ಕಾಲದಲ್ಲಿ ಈ ಎಚ್ಚರಿಕೆಯ ಉದ್ದೇಶವನ್ನು ಆಕ್ಷೇಪಿಸುವಂತಿಲ್ಲ. ಆದರೆ ಆ 'ಪರಿಣತ' ಯಾರೆಂಬುದನ್ನು 63ನೇ ಕಲಂ ವಿವರಿಸಿಲ್ಲ. ದೊಡ್ಡ ಕಂಪನಿಗಳಲ್ಲಿ ಕಂಪ್ಯೂಟರ್ ವಿಭಾಗವೇ ಇರುತ್ತದೆ. ಚಿಂಚೋಳಿಯ ಕಬ್ಬಿಣದ ಅಂಗಡಿಯವರು 80,000 ರೂಪಾಯಿಯ ಬಾಕಿಗಾಗಿ ನಾಲ್ಕು ಸಂದೇಶಗಳನ್ನು ಹಾಜರುಪಡಿಸಲು ಯಾರ ಬಳಿಗೆ ಹೋಗಬೇಕು, ಎಷ್ಟು ಶುಲ್ಕ ತೆರಬೇಕು? ಸಣ್ಣ ಬಾಕಿಯ ದಾವೆಗೆ ಪರಿಣತರ ವೆಚ್ಚವೇ ಭಾರವಾದರೆ, ಸಾಕ್ಷ್ಯವಿದ್ದೂ ಇಲ್ಲದಂತಾಗುತ್ತದೆ. ಪರಿಣತರ ಅರ್ಹತೆಯನ್ನು ನಿಯಮಗಳಿಂದ ಸ್ಪಷ್ಟಪಡಿಸುವಂತೆ, ಜಿಲ್ಲಾ ಮಟ್ಟದಲ್ಲಿ ಅಂತಹವರ ಪಟ್ಟಿಯನ್ನೂ ಮಿತವಾದ ಶುಲ್ಕವನ್ನೂ ಗೊತ್ತುಪಡಿಸುವಂತೆ, ಸಣ್ಣ ಮೊತ್ತದ ದಾವೆಗಳಲ್ಲಿ 'ಬಿ' ಭಾಗದಿಂದ ವಿನಾಯಿತಿ ನೀಡುವಂತೆ ವಾಣಿಜ್ಯ ಸಂಸ್ಥೆಗಳು ಸರಕಾರವನ್ನು ಒತ್ತಾಯಿಸುವುದು ನ್ಯಾಯೋಚಿತ. ಜಿಎಸ್‌ಟಿಯ ತೊಡಕುಗಳ ಬಗ್ಗೆ ಮನವಿಗಳ ಮೇಲೆ ಮನವಿ ಸಲ್ಲಿಸಿದ ವ್ಯಾಪಾರಿ ಸಮುದಾಯವು ಈ ವಿಷಯದಲ್ಲಿ ಮೌನವಾಗಿರುವುದು ಸರಿಯಲ್ಲ.

ಅದಾಗುವವರೆಗೆ ವ್ಯಾಪಾರಿಯ ಕೈಯಲ್ಲೇ ಇರುವ ಉಪಾಯಗಳಿವೆ. ವ್ಯವಹಾರದ ಸಂದೇಶಗಳನ್ನು ಅಳಿಸಬಾರದು. ಫೋನು ಬದಲಾಯಿಸಿದಾಗ ಹಳೆಯದನ್ನು ಮಾರಿಬಿಡಬಾರದು. ಫೋನಿನಲ್ಲಿ ನಿಶ್ಚಯವಾದ ದರವನ್ನು ಅಂದೇ ಕಾಗದದ ಮೇಲೆ ಬರೆದು ಸಹಿ ಪಡೆಯುವುದು ಎಲ್ಲಕ್ಕಿಂತ ಸುಲಭ. ಲೆಕ್ಕದ ತಂತ್ರಾಂಶದಲ್ಲಿ ತಿದ್ದುಪಡಿಗಳ ದಾಖಲೆ ಉಳಿಯುವ ವ್ಯವಸ್ಥೆಯು ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಕಡ್ಡಾಯವಿಲ್ಲದ ಪಾಲುದಾರಿಕೆ ಮತ್ತು ಸ್ವಂತ ಅಂಗಡಿಗಳೂ ಅದನ್ನು ಅಳವಡಿಸಿಕೊಂಡರೆ, ಲೆಕ್ಕವನ್ನು ನಂತರ ತಿದ್ದಲಾಗಿದೆಯೆಂಬ ಆರೋಪಕ್ಕೆ ಉತ್ತರ ಸಿದ್ಧವಿರುತ್ತದೆ.

ಕಾಲಮಿತಿ ಮತ್ತು ಬಾಕಿಯ ದೃಢೀಕರಣ

ಸಾಕ್ಷ್ಯವೆಲ್ಲ ಸರಿಯಿದ್ದರೂ ಅವಧಿ ಮೀರಿದರೆ ದಾವೆ ನಿಲ್ಲದು. ಉದ್ರಿಯ ಅವಧಿ ಗೊತ್ತುಪಡಿಸದೆ ಮಾರಿದ ಮಾಲಿನ ಬೆಲೆಗೆ, ಮಾಲು ಒಪ್ಪಿಸಿದ ದಿನದಿಂದ 3 ವರ್ಷ. ಅವಧಿ ಗೊತ್ತುಪಡಿಸಿದ್ದರೆ ಅದು ಮುಗಿದ ದಿನದಿಂದ 3 ವರ್ಷ. ಆ ಮೂರು ವರ್ಷದೊಳಗೆ ಸಾಲಗಾರನು ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿ ಸಹಿ ಮಾಡಿದರೆ, ಪರಿಮಿತಿ ಕಾಯಿದೆಯ 18ನೇ ಕಲಮಿನಂತೆ ಅಂದಿನಿಂದ ಹೊಸದಾಗಿ ಅವಧಿ ಆರಂಭವಾಗುತ್ತದೆ.

ಪ್ರತಿ ಮಾರ್ಚ್ ಅಂತ್ಯಕ್ಕೆ ಲೆಕ್ಕ ಪರಿಶೋಧಕರು ಬಾಕಿಯ ದೃಢೀಕರಣ ಪತ್ರಗಳನ್ನು ಕೇಳುವುದು ವಾಡಿಕೆ. ಅದೊಂದು ಉಪದ್ರವವೆಂದು ಭಾವಿಸುವವರೇ ಹೆಚ್ಚು. ಆದರೆ ಗಿರಾಕಿಯ ಸಹಿಯುಳ್ಳ ಆ ಒಂದು ಹಾಳೆಯು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ: ಖಾತೆ ಪುಸ್ತಕಕ್ಕೆ ಬೇಕಾದ ಸ್ವತಂತ್ರ ಬೆಂಬಲವನ್ನು ಒದಗಿಸುತ್ತದೆ, ಅವಧಿಯನ್ನೂ ಕಾಯುತ್ತದೆ. ಇಷ್ಟು ಅಗ್ಗವಾದ, ಇಷ್ಟು ಬಲವಾದ ಸಾಕ್ಷ್ಯ ಬೇರೊಂದಿಲ್ಲ.

ದಾಲ್ ಮಿಲ್ಲು, ಪಾಲಿಷ್ ಘಟಕಗಳಂತಹ ಸಣ್ಣ ಉತ್ಪಾದಕರಿಗೆ ಇನ್ನೊಂದು ಅನುಕೂಲವಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯಂತೆ, ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಳ್ಳುವವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಿಸಬೇಕು. ಮಾಲು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ, ತಲುಪಿದ ದಿನವೇ ಅದನ್ನು ಒಪ್ಪಿದಂತೆ ಭಾವಿಸಲಾಗುತ್ತದೆ. ಇಲ್ಲಿಯೂ ಎಲ್ಲವೂ ನಿಂತಿರುವುದು ಮಾಲು ತಲುಪಿದ ದಿನಾಂಕಕ್ಕೆ ಇರುವ ಸಹಿಯ ಮೇಲೆಯೇ. ಗಡಿಯಾರವನ್ನು ಕಾನೂನು ಕೊಟ್ಟಿದೆ. ಅದಕ್ಕೆ ಕೀಲಿ ಕೊಡಬೇಕಾದವರು ಲಾರಿಯ ಜೊತೆ ಹೋಗುವವರು.

ವಿಶ್ವಾಸಕ್ಕೆ ಧಕ್ಕೆಯೇ?

ಸಹಿ ಕೇಳಿದರೆ ಗಿರಾಕಿ ಬೇಸರಪಟ್ಟು ಪಕ್ಕದ ಅಂಗಡಿಗೆ ಹೋಗುತ್ತಾನೆಂಬ ಆಕ್ಷೇಪ ಸಾಮಾನ್ಯ. ತಲೆಮಾರುಗಳಿಂದ ಬಂದ ಸಂಬಂಧದಲ್ಲಿ ಕಾಗದ ಕೇಳುವುದು ಅವಮಾನವೆಂಬ ಭಾವನೆಯೂ ಈ ಭಾಗದಲ್ಲಿ ಬಲವಾಗಿದೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಪೈಪೋಟಿಯ ಮಾರುಕಟ್ಟೆಯಲ್ಲಿ ಒಬ್ಬನೇ ಕಟ್ಟುನಿಟ್ಟಾದರೆ ಅವನಿಗೆ ನಷ್ಟವಾಗಬಹುದು. ಆದ್ದರಿಂದಲೇ ಇದು ಒಬ್ಬೊಬ್ಬರು ಮಾಡುವ ಕೆಲಸವಲ್ಲ. ಒಂದು ಊರಿನ, ಒಂದು ವ್ಯಾಪಾರದ ಎಲ್ಲರೂ ಒಂದೇ ನಮೂನೆಯ ಬಿಲ್ಲು, ಒಂದೇ ನಮೂನೆಯ ಮಾಲು ಒಪ್ಪಿಗೆಯ ಚೀಟಿಯನ್ನು ಬಳಸತೊಡಗಿದರೆ ಅದು ಯಾರ ಮೇಲಿನ ಅಪನಂಬಿಕೆಯೂ ಆಗದೆ ಪದ್ಧತಿಯಾಗುತ್ತದೆ. ಬ್ಯಾಂಕಿನಲ್ಲಿ ಸಹಿ ಮಾಡಲು ಯಾರೂ ಬೇಸರಪಡುವುದಿಲ್ಲ.

ಕಾಗದವು ಪ್ರಾಮಾಣಿಕರ ನಡುವಿನ ಜಗಳವನ್ನೂ ತಪ್ಪಿಸುತ್ತದೆ. ಹೆಚ್ಚಿನ ಬಾಕಿಗಳು ಮೋಸದಿಂದ ಹುಟ್ಟುವುದಿಲ್ಲ. ತಂದೆ ತೀರಿಕೊಂಡ ಮೇಲೆ ಮಕ್ಕಳಿಗೆ ಲೆಕ್ಕ ತಿಳಿಯದೆ, ಪಾಲುದಾರರು ಬೇರೆಯಾದಾಗ ಹೊಣೆ ಯಾರದೆಂದು ಸ್ಪಷ್ಟವಿಲ್ಲದೆ, ಮರಳಿ ಕೊಟ್ಟ ಮಾಲನ್ನು ಒಬ್ಬರು ಬರೆದು ಇನ್ನೊಬ್ಬರು ಬರೆಯದೆ ಹುಟ್ಟುತ್ತವೆ. ಅಂತಹ ಸಂದರ್ಭದಲ್ಲಿ ಸಹಿಯುಳ್ಳ ಹಾಳೆಯೊಂದಿದ್ದರೆ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಬೇಕಾಗಿಲ್ಲ. 3 ಲಕ್ಷ ರೂಪಾಯಿ ಮತ್ತು ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಗಳಲ್ಲಿ, ತುರ್ತು ಪರಿಹಾರ ಬೇಡದಿದ್ದರೆ, ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ಅಲ್ಲಿಯೂ ದಾಖಲೆಯಿದ್ದವರ ಮಾತೇ ನಡೆಯುತ್ತದೆ. ಮುಂದೆ ದಾವೆ ಹೂಡುವಾಗ ಕೈಯಲ್ಲಿರುವ ಎಲ್ಲ ದಾಖಲೆಗಳನ್ನೂ ಫಿರ್ಯಾದಿನ ಜೊತೆಗೇ ಸಲ್ಲಿಸಬೇಕು. ನಂತರ ಹುಡುಕಿ ತಂದರೆ ನ್ಯಾಯಾಲಯದ ಅನುಮತಿ ಬೇಕು.

ಆಗಬೇಕಾದದ್ದು

ವ್ಯಾಪಾರಿ ಬಾಂಧವರು ಕೆಳಗಿನ ಕ್ರಮಗಳನ್ನು ಈ ಹಣಕಾಸು ವರ್ಷದಿಂದಲೇ ಅನುಸರಿಸುವುದು ಹಿತಕರ:

1. ಪ್ರತಿಯೊಂದು ಮಾಲಿಗೂ ಪೂರ್ಣ ಮೊತ್ತದ ಬಿಲ್ಲು. ಬಿಲ್ಲಿನ ಮೇಲೆ ಉದ್ರಿಯ ಅವಧಿ ಮತ್ತು ಬಡ್ಡಿಯ ದರ.

2. ಬಿಲ್ಟಿ ಅಥವಾ ಚಲನಿನ ಮೇಲೆ ಮಾಲು ಪಡೆದವರ ಹೆಸರು, ಸಹಿ, ದಿನಾಂಕ. ಇ-ವೇ ಬಿಲ್ಲಿನ ಪ್ರತಿ ಜೊತೆಯಲ್ಲಿ.

3. ಹಣದ ಕೊಡುಕೊಳೆ ಸಾಧ್ಯವಾದಷ್ಟೂ ಬ್ಯಾಂಕಿನ ಮೂಲಕ. ಬ್ಯಾಂಕಿನ ದೃಢೀಕೃತ ಲೆಕ್ಕದ ಪ್ರತಿಯನ್ನು 1891ರ ಬ್ಯಾಂಕರುಗಳ ಪುಸ್ತಕ ಸಾಕ್ಷ್ಯ ಕಾಯಿದೆಯಂತೆ ಮೂಲ ಪುಸ್ತಕ ತರದೆಯೇ ಹಾಜರುಪಡಿಸಬಹುದು.

4. ರೋಜ್‌ಕಿರ್ದಿ ಅಂದಂದೇ; ಲೆಕ್ಕ ಬರೆಯುವವರ ಹೆಸರು ಪುಸ್ತಕದಲ್ಲಿ ಇರಲಿ.

5. ಪ್ರತಿ ಮಾರ್ಚಿಗೆ ಎಲ್ಲ ಬಾಕಿದಾರರಿಂದ ಸಹಿಯುಳ್ಳ ದೃಢೀಕರಣ.

6. ಪ್ರಾಮಿಸರಿ ನೋಟು, ರಸೀದಿಗಳಿಗೆ ಸ್ಟ್ಯಾಂಪು. ಅದನ್ನು ರದ್ದುಪಡಿಸುವುದನ್ನು ಮರೆಯಬಾರದು.

7. ಮೂಲ ದಾಖಲೆಗಳ ರಕ್ಷಣೆ. ವಕೀಲರಿಗೆ, ಸಾರಿಗೆಯವರಿಗೆ ಮೂಲ ಕೊಟ್ಟರೆ ಪಡೆದ ಬಗ್ಗೆ ಬರಹ.

ವಾಣಿಜ್ಯ ಸಂಸ್ಥೆಗಳ ಪಾಲಿನ ಕೆಲಸವೂ ಇದೆ. ಬಿಲ್ಲು, ಚಲನು ಮತ್ತು ದೃಢೀಕರಣ ಪತ್ರಗಳ ಕನ್ನಡ ನಮೂನೆಗಳನ್ನು ವಕೀಲರಿಂದ ಪರಿಶೀಲಿಸಿ ತಾಲ್ಲೂಕು ಕೇಂದ್ರಗಳಲ್ಲಿ ಹಂಚಬೇಕು. ಗುಮಾಸ್ತರಿಗೂ ಲಾರಿ ಚಾಲಕರಿಗೂ ವರ್ಷಕ್ಕೊಮ್ಮೆ ಅರ್ಧ ದಿನದ ತರಬೇತಿ ನಡೆಸಬೇಕು. ಏಕೆಂದರೆ ಸಾಕ್ಷ್ಯವನ್ನು ನಿಜವಾಗಿ ಸಂಗ್ರಹಿಸುವವರು ಅವರೇ. 63ನೇ ಕಲಮಿನ ಪ್ರಮಾಣಪತ್ರಕ್ಕಾಗಿ ಸದಸ್ಯರಿಗೆ ಕೈಗೆಟಕುವ ದರದ ವ್ಯವಸ್ಥೆಯೊಂದನ್ನು ಕಲ್ಪಿಸುವುದೂ ಅಸಾಧ್ಯವೇನಲ್ಲ.

ಕಾನೂನು ಸಣ್ಣ ವ್ಯಾಪಾರಿಯನ್ನು ಅಪನಂಬಿಕೆಯಿಂದ ನೋಡುತ್ತದೆ ಎಂದು ದೂರುವುದು ಸುಲಭ. ಆದರೆ ಅವನ ಪುಸ್ತಕವೊಂದನ್ನೇ ನಂಬಬಾರದೆಂಬ ನಿಯಮವು ಅವನನ್ನೂ ಕಾಪಾಡುತ್ತದೆ. ನಾಳೆ ದೊಡ್ಡ ಪೂರೈಕೆದಾರರೊಬ್ಬರು ತಮ್ಮ ಕಂಪ್ಯೂಟರಿನ ಹಾಳೆಯೊಂದನ್ನು ತಂದು ಇಷ್ಟು ಬಾಕಿಯೆಂದು ಹೇಳಿದಾಗ, ಅದಕ್ಕೆ ಬೇರೆ ಆಧಾರ ತೋರಿಸಿ ಎಂದು ಕೇಳುವ ಹಕ್ಕು ಅದೇ ನಿಯಮದಿಂದ ಅವನಿಗೆ ದೊರೆತಿದೆ. ಎರಡೂ ಕಡೆಗೆ ಒಂದೇ ಅಳತೆಯಾದ ಈ ನಿಯಮಕ್ಕೆ ತಕ್ಕಂತೆ ಅಂಗಡಿಯ ರೂಢಿಯನ್ನು ತಿದ್ದಿಕೊಂಡರೆ, ಬಿತ್ತನೆಯ ಕಾಲಕ್ಕೆ ಕೊಟ್ಟ ಮಾಲಿನ ಹಣವು ರಾಶಿಯ ಕಾಲಕ್ಕೆ ಬಾರದೆ ಹೋದರೂ ಅದನ್ನು ಪಡೆಯುವ ಹಕ್ಕು ಉಳಿದಿರುತ್ತದೆ.